ಜಟ್ಟಿಂಗಪ್ಪಣ್ಣನ ಬಲಗಾಲಿನವರ ಸನ್ನಿಧಾನಕ್ಕೆ

ಮಾನ್ಯ ಬಲಗಾಲಿನವರೇ,

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಸಮಸ್ತ ಸೊಂಟ, ಬೆನ್ನು, ಕುತ್ತಿಗೆಗಳ ಪರವಾಗಿ, ಹಾಗೂ ಅವುಗಳ ಮೇಲೆ ಹೇಗೋ ಕೂತಿರುವ ತಲೆಗಳ ಪರವಾಗಿ ತಮಗೆ ಅನಂತ ನಮಸ್ಕಾರಗಳು. ತಮ್ಮ ಹೆಬ್ಬೆರಳು, ಹಿಮ್ಮಡಿ ಮತ್ತು ನಡುವಿನ ಪರಿವಾರವೆಲ್ಲ ಕ್ಷೇಮವೆಂದು ಭಾವಿಸುತ್ತೇನೆ. ತಮ್ಮನ್ನು ಮುಟ್ಟಿ ನಮಸ್ಕರಿಸುವುದು ನನ್ನ ಧರ್ಮ. ಆದರೆ ಬಗ್ಗಿದರೆ ಕುತ್ತಿಗೆಯಿಂದ ಹೊರಟ ನೋವು ಹಣೆಗೆ ಬಂದು ನಿಲ್ಲುವುದರಿಂದ ನೆಟ್ಟಗೆ ಕೂತು, ಕಾಗದದ ಮೂಲಕ ಕೈಮುಗಿಯುತ್ತಿದ್ದೇನೆ. ಅಪಚಾರವೆಂದು ತಿಳಿಯಬಾರದು.

ಡ್ರೈವರ್ ಜಟ್ಟಿಂಗಪ್ಪಣ್ಣನವರನ್ನು ಬಿಟ್ಟು ಅವರ ಕಾಲಿಗೆ ಕಾಗದ ಬರೆಯುವುದು ಯಾವ ಸೀಮೆಯ ಪದ್ಧತಿ ಎಂದು ಓದುಗರು ಕೇಳಬಹುದು. ಇದು ಸೇವಾ ಹಿರಿತನದ ಪ್ರಶ್ನೆ. ಲೋಕದ ಮಕ್ಕಳೆಲ್ಲ ತಲೆ ಮುಂದಾಗಿ ಹುಟ್ಟುವಾಗ ಜಟ್ಟಿಂಗಪ್ಪಣ್ಣ ಕಾಲು ಮುಂದಾಗಿ ಹುಟ್ಟಿದರು. ಮೊದಲು ಹೊರಗೆ ಬಂದವರು ತಾವು, ಎಡಗಾಲಿನವರು ಆಮೇಲೆ, ಜಟ್ಟಿಂಗಪ್ಪಣ್ಣ ಎಂಬ ಮನುಷ್ಯ ಎಲ್ಲರಿಗಿಂತ ಕೊನೆಗೆ. ಹೀಗೆ ಹುಟ್ಟಿದವರು ಮೆಲ್ಲಗೆ ಮೂರು ಸಲ ಒದ್ದರೆ ಬೆನ್ನಿನ ಉಳುಕು ಬಿಟ್ಟುಹೋಗುತ್ತದೆಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ನಮ್ಮ ನೀಲಿ ಬಸ್ಸಿನ ದಾರಿಯುದ್ದಕ್ಕೂ ಈ ನಂಬಿಕೆ ತಮ್ಮ ಐದು ಬೆರಳುಗಳ ಮೇಲೆ ನಿಂತಿದೆ. ಹಾಗಾಗಿ ಅಹವಾಲು ಹಿರಿಯರಿಗೇ ಸಲ್ಲಬೇಕು.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ: ನಾನು ತಮ್ಮ ವಿರೋಧಿಯಲ್ಲ, ಅಭಿಮಾನಿ. ಹೊಸನಗರದಿಂದ ಸಾಗರದ ಕಾಲೇಜಿಗೆ ಹೋಗಿಬರುವ ಹುಡುಗರಲ್ಲಿ ತಮ್ಮಷ್ಟು ಹತ್ತಿರ ಕೂತವನು ಇನ್ನೊಬ್ಬನಿಲ್ಲ. ಹಿಂದೆ ಸೀಟು ಖಾಲಿಯಿದ್ದರೂ ಎಂಜಿನ್ನಿನ ಬಾನೆಟ್ಟಿನ ಮೇಲೆ ಹತ್ತಿ, ಕೆಳಗಿನ ಕಾವನ್ನು ಸಹಿಸಿಕೊಂಡು, ಕುತ್ತಿಗೆಯನ್ನು ಬಲಕ್ಕೆ ತಿರುಗಿಸಿ, ತಿರುಗಿಸಿದ್ದನ್ನು ಇನ್ನಷ್ಟು ಕೆಳಕ್ಕೆ ಬಾಗಿಸಿ, ಚಪ್ಪಲಿ ಬಿಚ್ಚಿಟ್ಟ ತಾವು ಆಕ್ಸಿಲರೇಟರಿನಿಂದ ಬ್ರೇಕಿಗೂ ಬ್ರೇಕಿನಿಂದ ಆಕ್ಸಿಲರೇಟರಿಗೂ ದಾಟುವ ಚಂದವನ್ನು ಎರಡು ವರ್ಷ ನೋಡಿದ್ದೇನೆ. ಬಿ.ಎ. ಪುಸ್ತಕಗಳನ್ನು ಅಷ್ಟು ಹೊತ್ತು ನೋಡಿದ್ದರೆ ಈ ಕಾಗದದ ಅಗತ್ಯವೇ ಬರುತ್ತಿರಲಿಲ್ಲ.

ತಮ್ಮ ಕೀರ್ತಿಗಾಗಿ ನಾನು ಬಸ್ಸಿನ ಹಿಂದಿನ ಗಾಜಿನ ಮೇಲೂ ಹೋರಾಡಿದ್ದೇನೆ. ಆ ಗಾಜಿನ ಧೂಳಿನಲ್ಲಿ ತೀರ್ಥಹಳ್ಳಿಯ ಯಾರೋ ‘ಕೆಂಪು ಬಸ್ಸಿನ ಡ್ರೈವರೇ ಫಸ್ಟ್’ ಎಂದು ಬೆರಳಲ್ಲಿ ಬರೆದು ಕಳಿಸಿದರೆ, ಹೊಸನಗರದಲ್ಲಿ ನಾನು ಅದರ ಕೆಳಗೆ ‘ಯಾವುದ್ರಲ್ಲಿ, ಚರಂಡಿಗೆ ಇಳಿಯೋದ್ರಲ್ಲಾ?’ ಎಂದು ಬರೆಯುತ್ತಿದ್ದೆ. ಮಾರನೆಯ ದಿನ ಬಸ್ಸು ಬರುವಾಗ ಉತ್ತರವೂ ಬರುತ್ತಿತ್ತು: ‘ನಿಮ್ಮವ್ನು ಓಡ್ಸೋದು ಬಸ್ಸಾ, ನೇಗಿಲಾ?’ ನಾನು ಮತ್ತೆ ಬರೆಯುವಷ್ಟರಲ್ಲಿ ಸಾಗರದ ಮಹನೀಯರೊಬ್ಬರು ನಡುವೆ ನುಗ್ಗಿ, ‘ಇಬ್ರೂ ಸುಮ್ನಿದ್ದು ಬಸ್ ತೊಳೀರಿ ಮಾರಾಯ್ರೆ’ ಎಂದಿರುತ್ತಿದ್ದರು. ಮುಖವನ್ನೇ ನೋಡದವರ ಜೊತೆ ಧೂಳಿರುವಷ್ಟು ದಿನವೂ ಹೀಗೆ ಜಗಳವಾಡಿದ್ದು ತಮ್ಮ ಸಲುವಾಗಿ.

ಇಷ್ಟು ಭಕ್ತಿಗೆ ಫಲ ಸಿಗದೇ ಇರುತ್ತದೆಯೇ? ಸಿಕ್ಕಿತು. ಅದು ಕುತ್ತಿಗೆಯ ಬುಡದಲ್ಲಿ, ಬಲಗಡೆ, ಯಾರೋ ಹೆಬ್ಬೆರಳು ಊರಿದ ಹಾಗೆ ಶುರುವಾಗುತ್ತದೆ. ಕಿವಿಯ ಹಿಂದಿನಿಂದ ಮೇಲೆ ಹತ್ತಿ, ಬಲಗಣ್ಣಿನ ಹಿಂದೆ ಬಂದು, ಕೊನೆಯ ಸ್ಟಾಪಿನವರೆಗೆ ಟಿಕೆಟ್ ತೆಗೆದವರ ಗತ್ತಿನಲ್ಲಿ ಕೂರುತ್ತದೆ. ಆಮೇಲೆ ಬೆಳಕು ಬೇಡ, ಸದ್ದು ಬೇಡ, ಡೀಸೆಲ್ ವಾಸನೆಯಂತೂ ಬೇಡವೇ ಬೇಡ. ವಾಂತಿಯಾಗುವ ತನಕ ಬಿಡುವುದಿಲ್ಲ. ಇಷ್ಟೆಲ್ಲ ನಡೆಯುವಾಗ ತಲೆಯ ಎಡ ಅರ್ಧ ಮಾತ್ರ, ಪಕ್ಕದ ಮನೆಯ ಜಗಳವನ್ನು ಕಿಟಕಿಯಿಂದ ನೋಡುವವರ ಹಾಗೆ, ತನಗೇನೂ ಸಂಬಂಧವಿಲ್ಲದಂತೆ ಇರುತ್ತದೆ.

ಅರೆತಲೆನೋವಿನ ದೊಡ್ಡ ಕಷ್ಟವೆಂದರೆ ಅದು ಕಾಣುವುದಿಲ್ಲ. ಕೈ ಮುರಿದವನಿಗೆ ಬಿಳಿ ಪಟ್ಟಿ ಇರುತ್ತದೆ, ಬಸ್ಸಿನಲ್ಲಿ ಸೀಟೂ ಸಿಗುತ್ತದೆ. ಅರೆತಲೆನೋವಿನವನಿಗೆ ಸಿಗುವುದು ಉಪದೇಶ. ಹೋದ ಏಪ್ರಿಲ್‌ನಲ್ಲಿ ಅರ್ಥಶಾಸ್ತ್ರದ ಪರೀಕ್ಷೆಯ ದಿನ, ಪ್ರಶ್ನೆಪತ್ರಿಕೆಯ ಮೇಲೆ ಬಗ್ಗಿದ ನನಗೆ ಅಕ್ಷರಗಳ ಜಾಗದಲ್ಲಿ ಮಿಂಚುಹುಳುಗಳು ಕಂಡು, ಅರ್ಧ ಪುಟ ಬರೆದು ಹೊರಗೆ ಓಡಿ ಗಿಡದ ಬುಡದಲ್ಲಿ ವಾಂತಿ ಮಾಡಿದೆ. ಆ ಪೇಪರು ಹೋಯಿತು. ಊರಿನಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನ ರಾಮಚಂದ್ರಪ್ಪನವರು ಚಹಾ ಸೋಸುತ್ತಲೇ ತೀರ್ಪು ಕೊಟ್ಟರು: “ತಲೆನೋವಾ? ಓದ್ದೇ ಇರೋರಿಗೆ ಮಾರ್ಚಿ ಏಪ್ರಿಲಿಗೆ ಬರ್ತದೆ. ರಿಸಲ್ಟ್ ಬಂದ್ಮೇಲೆ ತಾನಾಗೇ ಹೋಗ್ತದೆ.”

ಅಕ್ಟೋಬರಿನಲ್ಲಿ ಆ ಪೇಪರನ್ನು ಮತ್ತೆ ಬರೆಯಬೇಕಿತ್ತು. ಈ ಸಲವೂ ಹೋದರೆ ಓದು ಬಿಡಿಸಿ ಸೋದರಮಾವನ ಅಕ್ಕಿ ಗಿರಣಿಗೆ ಕೂರಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ದಿನವಿಡೀ ಗಡಗಡ ಅನ್ನುವ ಗಿರಣಿಯಲ್ಲಿ ಈ ತಲೆಯನ್ನು ಇಟ್ಟುಕೊಂಡು ಕೂರುವುದನ್ನು ನೆನೆಸಿಕೊಂಡರೇ ಬಲಗಣ್ಣು ಮಿಡಿಯುತ್ತಿತ್ತು. ನನ್ನ ತಾಯಿ ಕನ್ನಮ್ಮನವರು ಮೂಗಿಗೆ ತುಂಬೆ ರಸ ಹಿಂಡಿದರು, ನನ್ನ ದಿಂಬನ್ನು ಬಿಸಿಲಿಗೆ ಹಾಕಿದರು, ಕುತ್ತಿಗೆಯ ಮೇಲೆ ಒನಕೆ ಉರುಳಿಸಿದರು. ನೋವು ಯಾವುದಕ್ಕೂ ಬಗ್ಗದಿದ್ದಾಗ ಅವರಿಗೆ ತಮ್ಮ ನೆನಪಾಯಿತು. “ಮೂಲ ಇರೋದು ಕುತ್ಗೇಲಿ ಕಣಾ. ಕುತ್ಗೆಗೆ ಬೆನ್ನು ಬೇರು. ಜಟ್ಟಿಂಗಪ್ಪಣ್ಣನ ಕಾಲು ತಾಗ್ಸಿದ್ರೆ ತಲೆವರ್ಗೂ ಬಿಡ್ತದೆ” ಎಂದರು. ಈ ಮಾತಿನ ಮೊದಲರ್ಧ ಸರಿಯೆಂದು ಆಮೇಲೆ ಡಾಕ್ಟರೂ ಒಪ್ಪಿದರು. ತೊಂದರೆಯಿದ್ದದ್ದು ಉಳಿದರ್ಧದಲ್ಲಿ.

ಮಾನ್ಯರೇ, ಧೂಪದ ಮರದ ಸ್ಟಾಪಿನಲ್ಲಿ ಭಾನುವಾರ ಮತ್ತು ಮಂಗಳವಾರ ತಾವು ನಡೆಸುವ ಸೇವೆಯನ್ನು ಎಷ್ಟು ಹೊಗಳಿದರೂ ಸಾಲದು. ಅಲ್ಲಿಗೆ ಬರುವ ಮೊದಲು ರಸ್ತೆಯಲ್ಲಿರುವ ಗುಂಡಿಗಳು ತಮಗೆ ಗೊತ್ತೇ ಇವೆ. ಒಂದನ್ನೂ ತಪ್ಪಿಸದೆ, ಒಂದಕ್ಕೂ ಅವಮಾನ ಮಾಡದೆ, ಎಲ್ಲವಕ್ಕೂ ಬಸ್ಸನ್ನು ಇಳಿಸಿ ಹತ್ತಿಸುವವರು ತಾವೇ. ಹಿಂದಿನ ಸೀಟಿನವರು ಮಾಡಿಗೆ ತಲೆ ಕುಟ್ಟಿಸಿಕೊಂಡು ಕೆಳಕ್ಕೆ ಬೀಳುವಾಗ ಅವರ ಬೆನ್ನು ‘ಟಕ್’ ಅನ್ನುತ್ತದೆ. ಆಗ ಬಸ್ಸು ನಿಲ್ಲುತ್ತದೆ. ಕಂಡಕ್ಟರ್ ಗಿರಿಯಪ್ಪನವರು ಬಾಗಿಲಲ್ಲಿ ನಿಂತು, “ಉಳುಕಿನೋರು ಬೇಗ್ಬೇಗ ಇಳೀರಿ! ಸೊಂಟದೋರು ಮುಂದೆ, ಕುತ್ಗೆಯೋರು ಹಿಂದೆ! ಟೈಮಾತು!” ಎಂದು ಕೂಗುತ್ತಾರೆ. ಇಳಿದವರು ಧೂಪದ ಮರ ಹಿಡಿದು ಬಗ್ಗುತ್ತಾರೆ, ತಾವು ಬಂದು ಮೂರು ಸಲ ದಯಪಾಲಿಸುತ್ತೀರಿ. ಒದೆಸಿಕೊಂಡವರು ಹಿಂದಿರುಗಿ ನೋಡುವ ಹಾಗಿಲ್ಲ, ಉಪಕಾರವಾಯಿತೆಂದು ಹೇಳುವ ಹಾಗಿಲ್ಲ. ಮತ್ತೆ ಅದೇ ಬಸ್ಸು ಹತ್ತಿ, ಅದೇ ಗುಂಡಿಗಳಿಗೆ ಬೆನ್ನು ಒಪ್ಪಿಸುತ್ತಾರೆ. ಕಾಯಿಲೆಯನ್ನೂ ಮದ್ದನ್ನೂ ಒಂದೇ ಕಾಲಿನಿಂದ, ಒಂದೇ ಟಿಕೆಟ್ಟಿನಲ್ಲಿ ಕೊಡುವ ಸಂಸ್ಥೆ ಜಿಲ್ಲೆಯಲ್ಲಿ ಇನ್ನೊಂದಿದ್ದರೆ ತೋರಿಸಲಿ.

ನನ್ನ ಸರದಿ ಬಂದ ದಿನ ನನಗೆ ನೋವಿಗಿಂತ ಸಂಭ್ರಮವೇ ಹೆಚ್ಚಾಗಿತ್ತೆಂದು ನಾಚಿಕೆ ಬಿಟ್ಟು ಹೇಳುತ್ತೇನೆ. ಅಷ್ಟು ದಿನ ದೂರದಿಂದ ನೋಡಿದ ಪಾದ ಈಗ ನನ್ನ ಬೆನ್ನಿನ ಮೇಲೆ! ಬಿಳಿ ಅಂಗಿಯ ಮೇಲೆ ತಮ್ಮ ಐದೂ ಬೆರಳು ಮೂಡಿದ್ದನ್ನು ಕಾಲೇಜಿನಲ್ಲಿ ಎಲ್ಲರಿಗೂ ತೋರಿಸಿದೆ. ಎರಡು ದಿನ ನೋವೂ ಸುಳಿಯಲಿಲ್ಲ. ಮೂರನೆಯ ದಿನ ಅದು ತನ್ನ ಅಣ್ಣನನ್ನೂ ಕರೆದುಕೊಂಡು ಬಂತು. ಅಮ್ಮ ಮತ್ತೆ ಕರೆದೊಯ್ದರು. ಆ ಸಲ ಹಿಂದಿನ ಕಾರು ಹಾರ್ನ್ ಮಾಡುತ್ತಿದ್ದ ಅವಸರಕ್ಕೋ ಏನೋ, ತಾವು ಸ್ವಲ್ಪ ಧಾರಾಳವಾಗಿಯೇ ಕೊಟ್ಟಿರಿ; ನಾನು ಹೋಗಿ ಮರಕ್ಕೆ ಹಣೆ ಕೊಟ್ಟೆ. ಸೊಂಟದವರ ಸಾಲಿನಲ್ಲಿ ನಿಂತು ನೋಡುತ್ತಿದ್ದ ಮೀನಾಕ್ಷಮ್ಮನವರು, “ಹಾಂ, ಈಗ ಬಿತ್ತು ನೋಡಿ ಸರಿಯಾಗಿ!” ಎಂದು ಖುಷಿಪಟ್ಟರು. ಆಮೇಲೆ ನಾನು ಕತ್ತಲೆ ಕೋಣೆಯಲ್ಲಿ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದ್ದವನು, ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೂ ಬೈಯುತ್ತಿದ್ದೆ.

ಕಡೆಗೆ ಸಾಗರದ ಮೂಳೆ ಡಾಕ್ಟರ ಬಳಿ ಹೋದೆ. ಅವರು ನನ್ನ ಕುತ್ತಿಗೆಯನ್ನು ಅತ್ತಿತ್ತ ತಿರುಗಿಸಿ, ಬಲಗಡೆ ಒಂದು ಜಾಗ ಒತ್ತಿದರು. ನೋವು ನೇರ ಕಣ್ಣಿಗೆ ಹಾರಿತು. ಬೆನ್ನಿನ ನೀಲಿ ಗುರುತು ನೋಡಿ, “ಇದೇನಿದು?” ಎಂದರು. “ಡ್ರೈವರು ಒದ್ದಿದ್ದು ಸಾರ್.” “ಜಗಳಾನಾ? ಪೊಲೀಸ್ ಕಂಪ್ಲೇಂಟ್ ಕೊಟ್ರಾ?” “ಜಗಳ ಅಲ್ಲ ಸಾರ್, ಔಷಧಿ.” ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನೀಲಿ ಬಸ್ಸಾ? ಹಂಗಾದ್ರೆ ನೀವು ಮೊದಲ್ನೇರಲ್ಲ ಬಿಡಿ. ನೋಡಿ, ಇದು ಮೈಗ್ರೇನ್. ಅದು ಇದ್ದೇ ಇತ್ತೇನೋ, ಆದ್ರೆ ಎಬ್ಬಿಸ್ತಾ ಇರೋದು ನಿಮ್ಮ ಕುತ್ತಿಗೆ. ಎರಡು ವರ್ಷ ಎಂತ ನೋಡ್ತಾ ಕೂತಿದ್ರಿ ಆ ಕಡೆ ತಿರುಗಿ?” ಕಾಲು ನೋಡುತ್ತಿದ್ದೆ ಎಂದು ಹೇಳಲು ನನಗೆ ಧೈರ್ಯವಾಗಲಿಲ್ಲ. ಮಾತ್ರೆ ಬರೆದರು, ಬೆಳಿಗ್ಗೆ ಸಂಜೆ ಮಾಡಬೇಕಾದ ಕುತ್ತಿಗೆಯ ವ್ಯಾಯಾಮ ಹೇಳಿಕೊಟ್ಟರು, ಬಗ್ಗಿ ಓದಬೇಡಿ, ಮುಂದೆ ನೋಡಿ ಕೂರಿ, ಯಾರಿಂದಲೂ ಒದೆಸಿಕೊಳ್ಳಬೇಡಿ ಎಂದರು. ಕೊನೆಯದನ್ನು ಹೇಳುವಾಗ ಅವರ ಮುಖ ನೋಡಿದರೆ, ವೈದ್ಯಕೀಯ ಕಾಲೇಜಿನಲ್ಲಿ ಇದನ್ನು ಹೇಳುವ ತರಬೇತಿ ಕೊಟ್ಟಂತೆ ಕಾಣಲಿಲ್ಲ.

ವ್ಯಾಯಾಮ ತೋರಿಸುತ್ತೇನೆಂದು ಅವರು ನನ್ನನ್ನು ಒಳಗಿನ ಕೋಣೆಗೆ ಕರೆದೊಯ್ದರು. ಮಾನ್ಯರೇ, ಅಲ್ಲಿ ನಾನು ತಮ್ಮನ್ನು ಕಂಡೆ. ಬೆಂಚಿನಿಂದ ಇಳಿಬಿದ್ದು, ನೆಲಕ್ಕೂ ತಾಗದೆ, ಪೆಡಲಿಲ್ಲದ ಗಾಳಿಯಲ್ಲಿ ಸುಮ್ಮನೆ ತೂಗುತ್ತಿದ್ದಿರಿ. ಮೇಲಕ್ಕೆ ನೋಡಿದರೆ ಜಟ್ಟಿಂಗಪ್ಪಣ್ಣ. ಗದ್ದಕ್ಕೆ ಚರ್ಮದ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗ ರಾಟೆಯ ಮೇಲೆ ಹಾದು ಆ ತುದಿಯಲ್ಲಿ ಮರಳಿನ ಚೀಲ. ಕುತ್ತಿಗೆಯನ್ನು ಬಾವಿಯಿಂದ ಕೊಡ ಎಳೆದ ಹಾಗೆ ಮೇಲಕ್ಕೆ ಎಳೆದಿದ್ದರು. ನನ್ನನ್ನು ಕಂಡು ಓಡಿಹೋಗೋಣವೆಂದರೆ ಗದ್ದ ಬಿಡಬೇಕಲ್ಲ. “ಅಣ್ಣಾ, ನೀವಿಲ್ಲಿ?” ಎಂದೆ. ಅವರು ಹಲ್ಲು ಬಿಡಿಸದೆಯೇ ಉತ್ತರ ಕೊಟ್ಟರು: “ಮತ್ತೆಂತ ಮಾಡ್ಲಾ ಮಾರಾಯ? ನನ್ನ ಕಾಲು ನನ್ನ ಬೆನ್ನಿಗೆ ಎಟುಕ್ತದಾ?”

ಅವರಿಗೂ ಅದೇ ಕುತ್ತಿಗೆ, ಅದೇ ಅರೆತಲೆ. ಎದುರಿನ ಗಾಡಿಯ ಗಾಜಿಗೆ ಬಿಸಿಲು ಬಡಿದು ಹೊಳೆದರೆ ಸಾಕು, ಬಲಗಣ್ಣು ಮುಚ್ಚಿ ಒಂದೇ ಕಣ್ಣಿನಲ್ಲಿ ಬಸ್ಸು ಬಿಡುತ್ತಾರಂತೆ. ಕುತ್ತಿಗೆ ಹೊರಳದ ಕಾರಣ ತಿರುವಿನಲ್ಲಿ ನೋಡುವ ಬದಲು ಉದ್ದಕ್ಕೂ ಹಾರ್ನ್ ಹೊಡೆಯುತ್ತಾರಂತೆ. ನಾವು ಅಭಿಮಾನಿಗಳು ಇದನ್ನೆಲ್ಲ ಸ್ಟೈಲ್ ಎಂದುಕೊಂಡಿದ್ದೆವು. ಹೊಸನಗರದಲ್ಲಿ ಬಲಗಣ್ಣು ಮುಚ್ಚಿ ಸೈಕಲ್ ಬಿಡುವ ಹುಡುಗರ ಒಂದು ತಂಡವೇ ಇದೆ. ಅದರ ಸ್ಥಾಪಕ ಸದಸ್ಯ ನಾನು. “ಎರಡು ತಿಂಗ್ಳು ಸ್ಟೇರಿಂಗ್ ಮುಟ್ಬೇಡ, ಯಾರಿಗೂ ಒದೀಬೇಡ ಅಂತಾರೆ ಡಾಕ್ಟ್ರು” ಎಂದರು ಜಟ್ಟಿಂಗಪ್ಪಣ್ಣ. “ಒಂಟಿಕಾಲಲ್ಲಿ ನಿಂತು ಎತ್ತೋದ್ರೊಳಗೆ ನಂಗೆ ಕುತ್ಗೇಲಿ ಕರೆಂಟ್ ಹೊಡೀತದೆ. ಬೇಡ ಅಂದ್ರೆ ಜಟ್ಟಿಂಗಪ್ಪಂಗೆ ಸೊಕ್ಕು ಬಂತು ಅಂತಾರೆ. ನಂಗೂ ಉಳುಕು ಅಂದ್ರೆ ನಗಾಡ್ತಾರೆ. ನೀನೇ ಹೇಳು.” ನಾನು ಅಲ್ಲೇ ನಿಂತು, ಮರಳಿನ ಚೀಲ ಅಲುಗದ ಹಾಗೆ ಹಿಡಿದುಕೊಂಡೆ.

ಅಲ್ಲಿಂದ ಮುಂದೆ ನಾನು ಬಾನೆಟ್ ಬಿಟ್ಟೆ. ನಡುವಿನ ಸೀಟಿನಲ್ಲಿ ನೆಟ್ಟಗೆ ಕೂತು ಮುಂದೆ ನೋಡಿದೆ, ವ್ಯಾಯಾಮ ತಪ್ಪಿಸಲಿಲ್ಲ, ಪುಸ್ತಕವನ್ನು ಕಣ್ಣಿನ ಎತ್ತರಕ್ಕೆ ಗೋಡೆಯ ಗೂಡಿನಲ್ಲಿಟ್ಟು ನಿಂತು ಓದಿದೆ. ನೋವು ಬರುವುದು ಕಡಿಮೆಯಾಯಿತು. ಆದರೆ ಪರೀಕ್ಷೆಯ ಹಿಂದಿನ ದಿನ ಅಮ್ಮ ಬಿಡಲಿಲ್ಲ. ಮಂಗಳವಾರ ಬೇರೆ. ಧೂಪದ ಮರದ ಬಳಿ ಜನ ಸೇರಿದ್ದರು. ಡಾಕ್ಟರು ಬೇಡವೆಂದಿದ್ದಾರೆ ಎಂದರೆ, “ಡಾಕ್ಟ್ರೇನು ಕಾಲು ಮುಂದಾಗಿ ಹುಟ್ಟಿದ್ರಾ?” ಎಂದು ಅಮ್ಮ ಕೇಳಿದರು. ನಾನು ಮರ ಹಿಡಿದು, ಆದಷ್ಟೂ ಕಡಿಮೆ ಬಗ್ಗಿದೆ. ಹಿಂದಿನಿಂದ ಜಟ್ಟಿಂಗಪ್ಪಣ್ಣನ ಉಸಿರು ಕೇಳಿಸಿತು. “ನಾ ತಾಗ್ಸಲ್ಲ. ನೀ ಕೂಗು” ಎಂದು ಪಿಸುಗುಟ್ಟಿದರು. ನಾನು ಕೂಗಿದೆ. ಮೂರು ಸಲ ಕೂಗಿದೆ. ತಾವು ನನ್ನ ಅಂಗಿಯ ಗಾಳಿಯನ್ನೂ ಅಲುಗಿಸಲಿಲ್ಲವೆಂಬುದಕ್ಕೆ ತಾವೇ ಸಾಕ್ಷಿ.

ಮಾರನೆಯ ದಿನ ಪರೀಕ್ಷೆಯಲ್ಲಿ ಊಟದ ಡಬ್ಬಿಗೆ ರಟ್ಟು ಒರಗಿಸಿ, ಉತ್ತರಪತ್ರಿಕೆಯನ್ನು ಅದರ ಮೇಲೆ ನಿಲ್ಲಿಸಿ, ತಲೆ ಎತ್ತಿಕೊಂಡೇ ಬರೆದೆ. “ಎಂತ ಹುಡುಗಾ, ಹಿಂದಿನೋರಿಗೆ ಪಾಠ ಮಾಡ್ತಿದ್ದೀಯಾ?” ಎಂದು ಮೇಲ್ವಿಚಾರಕರು ನನ್ನನ್ನು ಕೊನೆಯ ಬೆಂಚಿಗೆ ಕಳಿಸಿದರು. ಅಲ್ಲಿಯೂ ಬರೆದೆ. ಪಾಸಾದೆ.

ಈಗ ನನ್ನ ದೂರು. ಆ ಪಾಸು ತಮ್ಮ ಖಾತೆಗೆ ಜಮೆಯಾಗಿದೆ. ರಿಸಲ್ಟ್ ಬಂದ ದಿನ ಅಮ್ಮ ಬಸ್ಸಿನ ಮೆಟ್ಟಿಲು ಹತ್ತಿ ಹೋಗಿ ತಮಗೆ ಅರಿಶಿನ ಹಚ್ಚಿದರು. ನಾನು ಕೂಗಿದ ಕೂಗನ್ನು ಕೇಳಿದವರೆಲ್ಲ, ಅಂಥ ಒದೆ ಈ ಸೀಮೆಯಲ್ಲಿ ಹಿಂದೆ ಬಿದ್ದಿರಲಿಲ್ಲ ಎಂದು ಸಾಕ್ಷಿ ಹೇಳುತ್ತಿದ್ದಾರೆ. ಎಸ್ಸೆಸ್ಸೆಲ್ಸಿ ಫೇಲಾದವರನ್ನು ತಂದೆತಾಯಂದಿರು ಬೆನ್ನು ನೆಟ್ಟಗಿದ್ದರೂ ಕರೆತರುತ್ತಿದ್ದಾರೆ. ಮರದ ಬಳಿ ಸಾಲು ಬೆಳೆದಿದೆ, ಜಟ್ಟಿಂಗಪ್ಪಣ್ಣನ ಕಣ್ಣು ಇನ್ನೂ ಹೆಚ್ಚು ಹೊತ್ತು ಮುಚ್ಚಿರುತ್ತದೆ. ತಮ್ಮ ಸುಳ್ಳು ಒದೆಗೆ ನನ್ನ ನಿಜವಾದ ಕೂಗು ಜಾಹೀರಾತಾಯಿತು. ಮೊನ್ನೆ ಡಿಪೋದ ಹಿಂದೆ ಅವರು ನನ್ನನ್ನು ಕರೆದು ಹೇಳಿದರು: “ನಾನು ಬೇಡ ಅಂದ್ರೆ ಯಾರೂ ಕೇಳಲ್ಲ. ಕಾಲೇ ಬೇಡ ಅಂತು ಅಂದ್ರೆ ಕೇಳ್ತಾರೆ. ನೀ ಕಾಲಿಗೆ ಒಂದು ಬರಿ. ಪೇಪರಲ್ಲಿ ಬರ್ಲಿ. ಇದ್ದದ್ದೆಲ್ಲ ಬರಿ, ನಗಾಡಿದ್ರೆ ನಗಾಡ್ಲಿ.”

ಆದಕಾರಣ ಮಾನ್ಯರೇ, ತಾವು ದೊಡ್ಡ ಮನಸ್ಸು ಮಾಡಿ ನಿವೃತ್ತಿ ಘೋಷಿಸಬೇಕೆಂದು ಬೇಡಿಕೊಳ್ಳುತ್ತೇನೆ. ಕಾಲು ಸೇವೆಗೆ ಒಲ್ಲೆನೆಂದಿತು ಎಂದರೆ ನಮ್ಮ ಜನ ನಂಬುತ್ತಾರೆ. ಮನುಷ್ಯನಿಗೆ ನೋವೆಂದರೆ ನಂಬುವುದಿಲ್ಲ. ನಿವೃತ್ತಿ ಸಾಧ್ಯವಿಲ್ಲವಾದರೆ ದಯವಿಟ್ಟು ಜಟ್ಟಿಂಗಪ್ಪಣ್ಣನ ಮೊಣಕಾಲಿನಲ್ಲಿ ಹಿಂದುಮುಂದಾಗಿ ಮಡಚಿಕೊಂಡು, ಅವರ ಸ್ವಂತ ಬೆನ್ನನ್ನು ತಲುಪುವ ವ್ಯವಸ್ಥೆ ಮಾಡಿಕೊಳ್ಳಿ. ಅದೂ ಆಗದಿದ್ದರೆ ಆ ಗುಂಡಿಗಳನ್ನೇ ಒಂದೊಂದಾಗಿ ಮೂರು ಮೂರು ಸಲ ಒದ್ದು ನೋಡಿ. ರಸ್ತೆಗೂ ಉಳುಕೇ ಇರಬಹುದು. ಇನ್ನು ಅರ್ಥಶಾಸ್ತ್ರದಲ್ಲಿ ಬಂದ ನಲವತ್ತೊಂದು ಅಂಕಗಳು ನನ್ನವು, ನನ್ನ ಕುತ್ತಿಗೆ ನನಗೆ ಗಳಿಸಿಕೊಟ್ಟದ್ದು. ಅವನ್ನು ನಮ್ಮ ಅಮ್ಮನ ಸಮಕ್ಷಮದಲ್ಲಿ, ಅರಿಶಿನ ತೊಳೆದುಕೊಂಡು ಬಂದು, ಹಿಂತಿರುಗಿಸಬೇಕು.

ಎರಡು ತಿಂಗಳು ಬಸ್ಸನ್ನು ಬೇರೆ ಯಾರಾದರೂ ಓಡಿಸಲಿ. ಕೆಂಪು ಬಸ್ಸಿನವರಾದರೂ ಪರವಾಗಿಲ್ಲ. ಇದನ್ನು ಬರೆಯುವಾಗ ನನಗೆಷ್ಟು ಸಂಕಟವಾಯಿತೆಂದು ತಮಗೆ ಗೊತ್ತಾಗಬೇಕಾದರೆ ತಾವೂ ಯಾರದಾದರೂ ಅಭಿಮಾನಿಯಾಗಬೇಕು.

ಒಂದೂ ಒದೆಯಿಲ್ಲದೆ ಗುಣವಾಗುತ್ತಿರುವ
ತಮ್ಮ ವಿಶ್ವಾಸಿ,
ಮಂಜುನಾಥಪ್ಪ, ಬಿ.ಎ. (ಪಾಸ್)
ಹೊಸನಗರ, ಜನವರಿ 1985

ತಾಜಾಕಲಂ: ಈ ರಸ್ತೆಯ ರಿಪೇರಿ ಮುಗಿದಿದೆಯೆಂದು ಮೂರು ವರ್ಷದಿಂದ ಬರೆದು ಕಳಿಸುತ್ತಿರುವ ಇಂಜಿನಿಯರ್ ಸಾಹೇಬರ ಜೀಪು ಕೆಟ್ಟು, ಅವರು ಹೋದ ಶನಿವಾರ ನಮ್ಮ ಬಸ್ಸಿನ ಹಿಂದಿನ ಸೀಟಿನಲ್ಲಿ ಬಂದರಂತೆ, ಬೆನ್ನು ‘ಟಕ್’ ಅಂದಿದೆ, ಈ ಮಂಗಳವಾರ ಧೂಪದ ಮರಕ್ಕೆ ಬರುತ್ತಾರಂತೆ. ನಿವೃತ್ತಿಯನ್ನು ತಾವು ಬುಧವಾರದಿಂದ ಜಾರಿಗೆ ತಂದರೆ ಸಾಕು. ಜಟ್ಟಿಂಗಪ್ಪಣ್ಣನಿಗೆ ಆಯ ತಪ್ಪದ ಹಾಗೆ ಹಿಂದಿನಿಂದ ಹಿಡಿದುಕೊಳ್ಳಲು ನಾನು ಬರುತ್ತೇನೆ. ಆ ಒಬ್ಬರ ಮಟ್ಟಿಗೆ ಮಾತ್ರ ದಯವಿಟ್ಟು ನಟಿಸಬೇಡಿ.